ಅಗ್ಗದ ಪೆನ್ನಿನ ಋಣ

ವಸ್ತುವೊಂದನ್ನು ಅದರ ಬೆಲೆ ತೆತ್ತು ಕೊಂಡ ಮೇಲೆ ಅದರೊಂದಿಗೆ ನಮ್ಮ ಲೆಕ್ಕ ಚುಕ್ತಾ ಆಯಿತೆ, ಇಲ್ಲವೆ? ವ್ಯಾಪಾರಿಯನ್ನು ಕೇಳಿದರೆ ಆಯಿತೆಂದೇ ಹೇಳುತ್ತಾನೆ. ರಸೀದಿ ಬರೆದುಕೊಟ್ಟ ಮೇಲೆ ಅವನಿಗೆ ಬೇರೆ ಗಿರಾಕಿಗಳುಂಟು. ವಕೀಲರನ್ನು ಕೇಳಿದರೆ ಅವರೂ ಹಾಗೆಯೇ ಹೇಳಿಯಾರು. ಆದರೆ ನಮ್ಮ ಹಿರಿಯರು ಋಣವೆಂಬ ಮಾತನ್ನು ಸಾಲವೆಂಬ ಮಾತಿನಿಂದ ಬೇರೆಯಾಗಿಯೇ ಇಟ್ಟುಕೊಂಡು ಬಂದಿದ್ದಾರೆ. ಬಾಡಿಗೆ ಮನೆ ಬಿಟ್ಟು ಹೊರಡುವವನು ತಿಂಗಳು ತಿಂಗಳೂ ಬಾಡಿಗೆ ತೆತ್ತಿದ್ದರೂ 'ಈ ಮನೆಯ ಋಣ ತೀರಿತು' ಎಂದೇ ನಿಟ್ಟುಸಿರು ಬಿಡುತ್ತಾನೆ. ಅನ್ನದ ಋಣ, ನೀರಿನ ಋಣ, ಉಳುವ ಎತ್ತಿನ ಋಣ ಇವೆಲ್ಲ ನಮಗೆ ಅರ್ಥವಾಗುವ ಮಾತುಗಳು. ಪೆನ್ನಿನ ಋಣ ಎಂದರೆ ಮಾತ್ರ ವಾಚಕರಿಗೆ ನಗು ಬಂದೀತು. ಅದರಲ್ಲೂ ಚೀನಾದಿಂದ ಬಂದ, 300 ರೂಪಾಯಿಗೂ ಕಡಿಮೆ ಬೆಲೆಯ ಫೌಂಟನ್ ಪೆನ್ನಿನ ಋಣ!

ನಗುವವರು ನಗಲಿ. ನಾನಿರುವುದು ಕಡಕೊಳದಲ್ಲಿ. 'ಮಡಿವಾಳಪ್ಪನವರ ಕಡಕೋಳವೇ?' ಎಂದು ಉತ್ತರದ ಕಡೆಯ ಸ್ನೇಹಿತರು ಗೌರವದಿಂದ ಕೇಳುವುದುಂಟು. ಅದು ಕಲಬುರಗಿ ಸೀಮೆಯ ಊರು, ತತ್ತ್ವಪದಗಳ ಊರು. ನಮ್ಮದು ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಕಡಕೊಳ. ಒಂದು ರೈಲು ನಿಲ್ದಾಣ, ಒಂದು ಕೈಗಾರಿಕಾ ಪ್ರದೇಶ, ಈಚೆಗೆ ಬಂದ ಪಟ್ಟಣ ಪಂಚಾಯಿತಿ ಎಂಬ ಪದವಿ, ಲಾರಿಗಳ ಬೆನ್ನೇರಿ ಸಾಗುವ ಕಬ್ಬಿಣದ ಕಂಟೇನರುಗಳು ಇವೇ ನಮ್ಮ ಆಸ್ತಿ. ತತ್ತ್ವ ನಮ್ಮ ಮಣ್ಣಿನ ಬೆಳೆಯಲ್ಲ. ಆದರೂ ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಕುಳಿತವನಿಗೆ, ಮುಂದೆ 43 ಪೆನ್ನುಗಳನ್ನು ಹರಡಿಕೊಂಡು ಒಂದೊಂದನ್ನೇ ತೊಳೆಯುವಾಗ, ಸ್ವಲ್ಪ ತತ್ತ್ವ ಹೊಳೆಯದೆ ಇರುವುದಿಲ್ಲ.

43 ಎಂಬ ಸಂಖ್ಯೆಯನ್ನು ಕೇಳಿ ನನ್ನನ್ನು ಶ್ರೀಮಂತನೆಂದು ತಿಳಿಯಬಾರದು. ಎಲ್ಲವನ್ನೂ ಕೂಡಿಸಿದರೂ ಒಂದು ಒಳ್ಳೆಯ ಜರ್ಮನ್ ಪೆನ್ನಿನ ಬೆಲೆಯಾಗದು. ತೊಡಕು ಹುಟ್ಟುವುದೇ ಅಲ್ಲಿ. ದುಬಾರಿ ವಸ್ತು ಮುಂಬಾಗಿಲಲ್ಲಿ ನಿಂತು ಅಪ್ಪಣೆ ಕೇಳುತ್ತದೆ. ಮನೆಯಾಕೆಯೊಂದಿಗೆ ಆಲೋಚನೆ ನಡೆಯುತ್ತದೆ, ಸಂಬಳ ಬರುವ ತಾರೀಕು ನೋಡುತ್ತೇವೆ, ಕಡೆಗೆ ಬೇಡವೆಂದು ತೀರ್ಮಾನಿಸಿ ಒಳ್ಳೆಯವರಾಗುತ್ತೇವೆ. ಅಗ್ಗದ ವಸ್ತುವಾದರೋ ಹಿತ್ತಲಿನಿಂದ ಒಳಗೆ ಬರುತ್ತದೆ. ಜಿನ್‌ಹಾವ್ ಕಂಪನಿಯ ಪೆನ್ನೊಂದನ್ನು ನೀಲಿ ಬಣ್ಣದಲ್ಲಿ ಕೊಂಡಾಗ ಅದಕ್ಕೊಂದು ಕಾರಣವಿತ್ತು. ಅದನ್ನೇ ಕಂದು ಬಣ್ಣದಲ್ಲಿ ಕೊಳ್ಳುವಾಗ ಅಗ್ಗವೆಂಬುದರ ಹೊರತು ಬೇರೆ ಕಾರಣವಿರಲಿಲ್ಲ. ಜೈನರು ಅಪರಿಗ್ರಹವನ್ನು ಒಂದು ವ್ರತವಾಗಿ ಹೇಳಿದ್ದಾರೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಗೊಮ್ಮಟನ ಮುಂದೆ, ಬೆಲೆ ಕಡಿಮೆಯಿತ್ತು ಸ್ವಾಮಿ ಎಂಬ ಸಬೂಬು ಎಷ್ಟರಮಟ್ಟಿಗೆ ನಡೆದೀತು? ರಾಜ್ಯ ಬಿಟ್ಟವನಿಗೆ ಪೆನ್ನಿನ ದರದ ಪಟ್ಟಿ ತೋರಿಸಿದ ಹಾಗಾದೀತು.

ಇದಕ್ಕೆ ಸಂಗ್ರಹಕಾರರು ಒಂದು ಸಮಾಧಾನ ಹೇಳುತ್ತಾರೆ: ನಾನು ಇಟ್ಟುಕೊಂಡಿಲ್ಲ, ಕಾಪಾಡುತ್ತಿದ್ದೇನೆ ಎಂದು. ಹಳೆಯ ನಾಣ್ಯ, ತಾಳೆಗರಿ, ತಾಮ್ರಶಾಸನಗಳ ವಿಷಯದಲ್ಲಿ ಈ ಮಾತು ಸರಿ. ಅವುಗಳ ಕೆಲಸ ಮುಗಿದಿದೆ. ಇನ್ನು ಉಳಿದಿರುವುದು ಸಾಕ್ಷಿ ಹೇಳುವುದು ಮಾತ್ರ. ಪೆನ್ನಿನ ಕೆಲಸ ಮುಗಿದಿಲ್ಲ. ಬರೆಯದೆ ಇಟ್ಟರೆ ಒಳಗಿನ ಶಾಯಿ ಒಣಗಿ ಕಾಲುವೆ ಕಟ್ಟಿಕೊಳ್ಳುತ್ತದೆ, ರಬ್ಬರಿನ ಚೀಲ ಗಡುಸಾಗಿ ಬಿರುಕುಬಿಡುತ್ತದೆ. ನಮ್ಮಲ್ಲಿ ನವರಾತ್ರಿಯ ಸರಸ್ವತೀ ಪೂಜೆಯಲ್ಲಿ ಪುಸ್ತಕಗಳ ಜೊತೆಗೆ ಪೆನ್ನುಗಳನ್ನೂ ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ವಿಜಯದಶಮಿಯವರೆಗೆ ಮುಟ್ಟದಿರುವ ಪದ್ಧತಿಯುಂಟು. ಹುಡುಗನಾಗಿದ್ದಾಗ ಆ ದಿನಗಳ ಸೊಗಸನ್ನು ನಾನೂ ಉಂಡಿದ್ದೇನೆ. ಓದಬೇಡ, ಬರೆಯಬೇಡ ಎಂದು ದೇವಿಯೇ ಹೇಳಿದ ಮೇಲೆ ಮೇಷ್ಟರು ಯಾವ ಲೆಕ್ಕ? ಆದರೆ ಆ ಬಿಡುವಿಗೆ ಅರ್ಥ ಬರುವುದು ದಶಮಿಯ ಬೆಳಗ್ಗೆ ಅವನ್ನು ಎತ್ತಿಕೊಂಡು ನಾಲ್ಕು ಅಕ್ಷರ ಬರೆಯುವುದರಿಂದ. ವರ್ಷವೆಲ್ಲ ಮಣೆಯ ಮೇಲೇ ಉಳಿದರೆ ಅದನ್ನು ಪೂಜೆ ಎನ್ನುವುದಕ್ಕಿಂತ ಜಫ್ತಿ ಎನ್ನುವುದೇ ಸರಿ.

ಇಷ್ಟಾಗಿ, ಈ ಪೆನ್ನುಗಳಿಗೆ ಸ್ವಂತದ್ದೆಂಬುದು ಏನಿದೆ ಎಂದು ಕೇಳುವವರುಂಟು. ಚೀನಾದ ಅಗ್ಗದ ಪೆನ್ನೆಂದರೆ ನಕಲು ಎಂಬ ಮಾತು ರೂಢಿಯಾಗಿದೆ. ಪೂರ್ತಿ ಸುಳ್ಳಲ್ಲ. ಜಿನ್‌ಹಾವ್ 159ನ್ನು ನೋಡಿದರೆ ಮಾಂಟ್ ಬ್ಲಾಂಕ್ 149ರ ಬಡ ದಾಯಾದಿಯಂತಿದೆ. 599ರಲ್ಲಿ, 1980ರಲ್ಲಿ ಹುಟ್ಟಿದ ಲ್ಯಾಮಿ ಸಫಾರಿಯ ಮುಖಲಕ್ಷಣ ಎದ್ದು ಕಾಣುತ್ತದೆ. ಆದರೆ ಈ ವಂಶದ ಮೂಲಪುರುಷನ ಕಥೆ ಇಷ್ಟು ಸರಳವಾದುದಲ್ಲ, ಕೇಳತಕ್ಕದ್ದು.

ಅಮೆರಿಕದ ಜೇನ್ಸ್‌ವಿಲ್ ಎಂಬ ಊರಿನಲ್ಲಿ 1888ರಲ್ಲಿ ಆರಂಭವಾದ ಪಾರ್ಕರ್ ಕಂಪನಿಗೆ 51 ವರ್ಷ ತುಂಬಿದ್ದು 1939ರಲ್ಲಿ. ಆ ನೆನಪಿಗಾಗಿ 51 ಎಂದೇ ಹೆಸರಿಟ್ಟು ಒಂದು ಪೆನ್ನನ್ನು ಸಿದ್ಧಪಡಿಸಿ 1941ರಲ್ಲಿ ಮಾರಾಟಕ್ಕೆ ಬಿಟ್ಟರು. ಅದರ ನಿಬ್ಬು ಹೊರಗೆ ಹರಡಿಕೊಂಡಿರದೆ, ಗೋಸುಂಬೆಯ ನಾಲಗೆಯಂತೆ ತುದಿ ಮಾತ್ರ ಹೊರಗಿಟ್ಟುಕೊಂಡು ಕವಚದೊಳಗೆ ಅಡಗಿರುತ್ತದೆ. ಆದುದರಿಂದ ಮುಚ್ಚಳ ತೆಗೆದಿಟ್ಟು ಮಾತಾಡುತ್ತ ಕುಳಿತರೂ ಶಾಯಿ ಬೇಗ ಒಣಗುವುದಿಲ್ಲ. ಮಧ್ಯೆ ಮಧ್ಯೆ ನಿಲ್ಲಿಸಿ ಆಲೋಚಿಸುವವರಿಗೆ ಇದಕ್ಕಿಂತ ಉಪಕಾರವಿಲ್ಲ. ಅತ್ತ ಶಾಂಘೈಯಲ್ಲಿ, 1931ರಲ್ಲಿ ಹುವಾಫು ಎಂಬ ಹೆಸರಿನಿಂದ ಆರಂಭವಾಗಿದ್ದ ಪೆನ್ನಿನ ಕಾರ್ಖಾನೆಯ ಕೆಲಸಗಾರರು 1958ರಲ್ಲಿ 'ಪಾರ್ಕರನ್ನು ಹಿಂದಿಕ್ಕಬೇಕು' ಎಂದು ಪಣ ತೊಟ್ಟರು. ಅವರ ಪೆನ್ನಿನ ಹೆಸರು ಇಂಗ್ಲಿಷಿನಲ್ಲಿ ಹೀರೋ. ಪಾರ್ಕರ್ 51ನ್ನು ಬಿಚ್ಚಿ, ಅಳೆದು, ಅದರ ಗುಟ್ಟನ್ನು ಕಲಿತು ಹೀರೋ 100 ಎಂಬ ಚಿನ್ನದ ನಿಬ್ಬಿನ ಪೆನ್ನನ್ನು ಮಾಡಿದರು. ಈ ಸಾಹಸವನ್ನೇ ಕುರಿತು 1960ರಲ್ಲಿ ಒಂದು ಚಲನಚಿತ್ರವೂ ಬಂತು. ಪೆನ್ನಿನ ಪೈಪೋಟಿಯೊಂದನ್ನು ಜನ ಚಿತ್ರಮಂದಿರದಲ್ಲಿ ಕುಳಿತು ನೋಡಿದ ಕಾಲವೊಂದಿತ್ತು! 1966ರಲ್ಲಿ ಕಾರ್ಖಾನೆಯೇ ಹೀರೋ ಎಂದು ಹೆಸರು ಬದಲಾಯಿಸಿಕೊಂಡಿತು. ಆಮೇಲೆ ಬಂದುದು ಉಕ್ಕಿನ ನಿಬ್ಬಿನ, ಬಡವರ ಕೈಗೂ ಎಟುಕುವ 616.

ಇದನ್ನು ಕಳ್ಳತನವೆನ್ನೋಣವೆ, ವಿದ್ಯಾಭ್ಯಾಸವೆನ್ನೋಣವೆ? ನಮ್ಮ ಸಂಗೀತದಲ್ಲಿ ಶಿಷ್ಯ ಗುರುವಿನ ಬಾಣಿಯನ್ನು ಉಸಿರು ಉಸಿರಿಗೂ ಅನುಕರಿಸುವುದರಿಂದಲೇ ಕಲಿಯುತ್ತಾನೆ. ಅದನ್ನು ಯಾರೂ ನಕಲೆನ್ನುವುದಿಲ್ಲ. ಗುರುವಿನ ಹೆಸರು ಹೇಳುತ್ತಾನಾದ್ದರಿಂದ ನಾವು ಕೈಮುಗಿದು ಕೇಳುತ್ತೇವೆ. ಹೀರೋ ತನ್ನ ಪೆನ್ನಿನ ಮೇಲೆ ಪಾರ್ಕರ್ ಎಂದು ಬರೆಯಲಿಲ್ಲ, ಹೀರೋ ಎಂದೇ ಬರೆಯಿತು. ಪಾರ್ಕರಿನ ಹೆಸರನ್ನು ತನ್ನ ಪಣದಲ್ಲಿಯೇ ಸಾರಿತು. ಆದ್ದರಿಂದ ಅದನ್ನು ಶಿಷ್ಯನೆನ್ನಲು ನನಗೆ ಅಳುಕಿಲ್ಲ. ಈಚಿನ ಕೆಲವು ಪೆನ್ನುಗಳು ಆಕಾರವನ್ನು ಎತ್ತಿಕೊಂಡು ಹೆಸರನ್ನು ನುಂಗಿಬಿಡುತ್ತವೆ; ಅವನ್ನು ಶಿಷ್ಯರೆನ್ನಲು ಮನಸ್ಸು ಒಪ್ಪದು. ಅದಕ್ಕಿಂತ ವಿಚಿತ್ರವೆಂದರೆ ಹೀರೋ 616ನ್ನೇ ನಕಲು ಮಾಡಿ, ಅದರ ಮೇಲೆ ಹೀರೋ ಎಂದೇ ಕೆತ್ತಿ ಮಾರುವವರು ಹುಟ್ಟಿಕೊಂಡಿದ್ದಾರೆ. ಶಿಷ್ಯ ಇಷ್ಟು ಹೆಸರುವಾಸಿಯಾದನೆಂದು ಪಾರ್ಕರ್ ಸಂತೋಷಪಡಬೇಕೋ ಏನೋ.

ಈ ಪೈಪೋಟಿಗೆ ಇನ್ನೊಂದು ಮುಖವೂ ಉಂಟು. ಚಿನ್ನದ ನಿಬ್ಬಿನಲ್ಲಿ ಪಾರ್ಕರನ್ನು ಅಟ್ಟಿಸಿಕೊಂಡು ಹೋದ ದೇಶ, ಲೋಕಕ್ಕೆಲ್ಲ ಬಾಲ್ ಪೆನ್ನು ಮಾಡಿ ಹಂಚುತ್ತಿದ್ದ ದೇಶ, ಆ ಬಾಲ್ ಪೆನ್ನಿನ ತುದಿಗೆ ಬೇಕಾದ ವಿಶೇಷ ಉಕ್ಕನ್ನು ಬಹುಕಾಲ ಹೊರದೇಶಗಳಿಂದ ತರಿಸಿಕೊಳ್ಳುತ್ತಿತ್ತು. ಅವರ ತೈಯುವಾನ್ ಉಕ್ಕಿನ ಕಾರ್ಖಾನೆ ಅದನ್ನು ಸಾಧಿಸಿದ ಸುದ್ದಿ ಬಂದದ್ದು 2017ರಲ್ಲಿ. ಸ್ವದೇಶಿ ಎಂಬುದು ಎಲ್ಲ ಕಡೆಯೂ ಹೀಗೆಯೇ. ರಾಜಮಹೇಂದ್ರಿಯ ರತ್ನಂ ಅವರು ಗಾಂಧೀಜಿಯ ಪ್ರೇರಣೆಯಿಂದ ಸ್ವದೇಶಿ ಪೆನ್ನು ಮಾಡಿದರು; 1935ರಲ್ಲಿ ಗಾಂಧೀಜಿ ಅದನ್ನು ಮೆಚ್ಚಿ ಕಾಗದ ಬರೆದರು. ಇಂದು ನಮ್ಮ ದೇಶದಲ್ಲಿ ಎಬೊನೈಟ್ ಕಡ್ಡಿಯನ್ನು ಕೈಯಿಂದ ಕಡೆದು ಸೊಗಸಾದ ಪೆನ್ನು ಮಾಡುವವರಿದ್ದಾರೆ, ಅವರಲ್ಲಿ ಅನೇಕರು ಹಾಕುವ ನಿಬ್ಬು ಜರ್ಮನಿಯದು. ಮೈಸೂರಿನವರಿಗೂ ಈ ವಿಷಯದಲ್ಲಿ ಸ್ವಲ್ಪ ಹೆಮ್ಮೆಪಡಲು ಅವಕಾಶವಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ನಮ್ಮ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಮಾಡುತ್ತದೆ. ಮೊದಲು ಬಳಕೆಗೆ ಬಂದದ್ದು 1962ರ ಮಹಾಚುನಾವಣೆಯಲ್ಲಿ.

1962 ಎಂದೊಡನೆ ನಮಗೆ ನೆನಪಾಗುವುದು ಬೇರೆ. ಆ ವರ್ಷ ಅಕ್ಟೋಬರ್ 20ರಂದು ಚೀನಾದ ಸೈನ್ಯ ಗಡಿ ದಾಟಿತು. ನಮ್ಮ ಚಿಕ್ಕಪ್ಪ ಆಗ ಸಿಪಾಯಿಯಾಗಿ ಈಶಾನ್ಯದ ಗಡಿಯಲ್ಲಿದ್ದರು. ಹಿಮಕ್ಕೆ ಸಿಕ್ಕು ಎಡಗಾಲಿನ ಎರಡು ಬೆರಳನ್ನು ಕಳೆದುಕೊಂಡು ಬಂದರು. ಆ ಮಾತನ್ನು ಅವರಾಗಿ ಆಡಿದ್ದನ್ನು ನಾನು ಕೇಳಿಲ್ಲ. ಚಪ್ಪಲಿ ಬಿಟ್ಟು ದೇವಸ್ಥಾನಕ್ಕೆ ಹೋಗುವಾಗ ಮಾತ್ರ ಕಾಣುತ್ತಿತ್ತು. ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟರು. 1981ರಲ್ಲಿ ಅವರ ಹಳೆಯ ಶಿಷ್ಯನೊಬ್ಬ ಕೊಲ್ಲಿಯ ದೇಶದಿಂದ ರಜೆಗೆ ಬಂದಾಗ ಒಂದು ಹೀರೋ 616 ತಂದು ಕಾಲ ಬಳಿ ಇಟ್ಟು ನಮಸ್ಕಾರ ಮಾಡಿದ. ಆ ಕಾಲದಲ್ಲಿ ಹೊರದೇಶದ ಪೆನ್ನುಗಳು ಸಲೀಸಾಗಿ ಅಂಗಡಿಗೆ ಬರುತ್ತಿರಲಿಲ್ಲ. ಬಳಕೆಯ ವಸ್ತುಗಳ ಮೇಲಿನ ಆಮದು ನಿರ್ಬಂಧಗಳು ಪೂರ್ತಿಯಾಗಿ ತೊಲಗಿದ್ದು 2001ರ ಏಪ್ರಿಲ್ ಮೊದಲ ತಾರೀಕಿಗೆ. ಅಲ್ಲಿಯವರೆಗೆ ಹೀರೋ ಎಂದರೆ ಯಾರದೋ ಪೆಟ್ಟಿಗೆಯಲ್ಲಿ, ಯಾವುದೋ ಹಡಗಿನಲ್ಲಿ, ಗುಟ್ಟಾಗಿಯೋ ಬಹಿರಂಗವಾಗಿಯೋ ಬಂದುದು. ಜೇಬಿನಲ್ಲಿ ಅದರ ಉಕ್ಕಿನ ಮುಚ್ಚಳ ಹೊಳೆಯುತ್ತಿದ್ದರೆ ಬಸ್ಸಿನ ಕಂಡಕ್ಟರ್ ಕೂಡ ಬಹುವಚನದಲ್ಲಿ ಮಾತಾಡುತ್ತಿದ್ದ.

ತಂದೆ ಆ ಪೆನ್ನನ್ನು ತಮ್ಮನ ಕೈಗೆ ಕೊಟ್ಟು 'ಬರೆದು ನೋಡೋ, ಬೆಣ್ಣೆ ಹಾಗೆ ಓಡುತ್ತೆ' ಎಂದರು. ಚಿಕ್ಕಪ್ಪ ತಿರುಗಿಸಿ ನೋಡಿದರು, ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟರು. 'ಪೆನ್ನಿನ ಮೇಲೆ ನನಗೇನೂ ಕೋಪ ಇಲ್ಲ, ಅಣ್ಣಯ್ಯ. ನೀವು ಬರೀರಿ. ನನಗೆ ಬೇಡ' ಎಂದರು. ಅಷ್ಟೆ. ತಂದೆ ಇಪ್ಪತ್ತು ವರ್ಷ ಆ ಪೆನ್ನಿನಲ್ಲಿ ಬರೆದರು. ಮಕ್ಕಳ ವರ್ಗಾವಣೆ ಪತ್ರ, ಊರವರ ಅರ್ಜಿ, ಚಿಕ್ಕಪ್ಪನ ಮಗಳ ಲಗ್ನಪತ್ರಿಕೆಯ ಕರಡು ಎಲ್ಲವೂ ಅದರಲ್ಲಿಯೇ ಆದುವು. ಚಿಕ್ಕಪ್ಪ ಎದುರಿಗೆ ಕುಳಿತು ಒಕ್ಕಣೆ ಹೇಳುತ್ತಿದ್ದರು, ತಂದೆ ಬರೆಯುತ್ತಿದ್ದರು. ರುಜು ಹಾಕುವ ಹೊತ್ತಿಗೆ ಮಾತ್ರ ಚಿಕ್ಕಪ್ಪ ಜೇಬಿನಿಂದ ತಮ್ಮ ಬಾಲ್ ಪೆನ್ನು ತೆಗೆಯುತ್ತಿದ್ದರು.

ನಾನು ಈ ನಡತೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮಥಿಸಿದ್ದೇನೆ. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಪ್ರಾಣ ಕೊಟ್ಟಾಗ ಬೀದಿ ಬೀದಿಗಳಲ್ಲಿ ಚೀನಾ ವಸ್ತುಗಳ ಬಹಿಷ್ಕಾರದ ಕೂಗೆದ್ದಿತು. ಸರ್ಕಾರ ಆ ತಿಂಗಳ 29ರಂದು 59 ಆ್ಯಪುಗಳನ್ನು ನಿಷೇಧಿಸಿತು; ನವೆಂಬರಿನಲ್ಲಿ ಇನ್ನೂ 43. ಆ ಎರಡನೆಯ ಪಟ್ಟಿಯಲ್ಲಿ, ಅಗ್ಗದ ಪೆನ್ನಿನ ಹುಚ್ಚಿನವರು ನೇರವಾಗಿ ಚೀನಾದಿಂದಲೇ ತರಿಸಿಕೊಳ್ಳುತ್ತಿದ್ದ ಅಲಿ ಎಕ್ಸ್‌ಪ್ರೆಸ್ ಎಂಬ ಅಂಗಡಿಯೂ ಸೇರಿತ್ತು. ಆ ದಿನಗಳಲ್ಲಿ ಗೆಳೆಯರೊಬ್ಬರು ನನ್ನ ಮೇಜಿನ ಮೇಲಿನ ಪೆನ್ನುಗಳನ್ನು ನೋಡಿ 'ಇನ್ನೂ ಇಟ್ಟುಕೊಂಡಿದ್ದೀರಾ? ಒಲೆಗೆ ಹಾಕಿ' ಎಂದರು. ಅವರ ಕೈಯಲ್ಲಿದ್ದ ಮೊಬೈಲು ಎಲ್ಲಿಯದೆಂದು ನಾನು ಕೇಳಲಿಲ್ಲ. ಅಂಥ ಪ್ರಶ್ನೆಯಿಂದ ವಾದ ಗೆಲ್ಲಬಹುದು, ವಿಷಯ ತಿಳಿಯಾಗುವುದಿಲ್ಲ. ಅವರ ಸಿಟ್ಟು ಸುಳ್ಳಾಗಿರಲೂ ಇಲ್ಲ. ಆದರೆ ಒಲೆಗೆ ಹಾಕಿದರೆ ಯಾರಿಗೆ ನಷ್ಟ? ಹಣ ಎಂದೋ ಶಾಂಘೈ ಸೇರಿದೆ. ಸುಟ್ಟುಹೋಗುವುದು ನನ್ನ ಮನೆಯ ಪೆನ್ನು ಮಾತ್ರ. ಮುಂದೆ ಕೊಳ್ಳಬೇಡಿ ಎಂದರೆ ಅದು ವಿಚಾರಿಸತಕ್ಕ ಮಾತು, ಮತ್ತು ಆ ವರ್ಷವೆಲ್ಲ ನಾನು ಹೊಸದೊಂದನ್ನೂ ಕೊಳ್ಳಲಿಲ್ಲ. ಆಮೇಲೆ ಕೊಂಡೆ. ನಮ್ಮ ದೇಶದ ವ್ಯಾಪಾರಿಗಳೇ ಸುಂಕ ಕಟ್ಟಿ ತಂದು ಮಾರುತ್ತಿದ್ದುದನ್ನು ಕಾನೂನಿನಂತೆಯೇ ಕೊಂಡೆ.

ಚಿಕ್ಕಪ್ಪನ ಹಾಗೆ ನಾನೂ ಬೇಡವೆನ್ನಬಹುದಾಗಿತ್ತಲ್ಲ ಎಂದು ಕೇಳಿದರೆ, ಆ 'ಬೇಡ'ವನ್ನು ನಾನು ಸಾಲ ತರಲಾರೆ ಎಂಬುದೇ ನನ್ನ ಉತ್ತರ. ಅದು ಅವರ ಕಾಲ್ಬೆರಳುಗಳಿಂದ ಸಂಪಾದಿಸಿದ್ದು. ಅವರು ಅದನ್ನು ತಮ್ಮೊಬ್ಬರಿಗೇ ವಿಧಿಸಿಕೊಂಡರು. ಅಣ್ಣನಿಗೂ ವಿಧಿಸಲಿಲ್ಲ, ಮಕ್ಕಳಿಗೂ ಉಪದೇಶಿಸಲಿಲ್ಲ. ಶಾಂಘೈಯಲ್ಲಿ ನಿಬ್ಬು ಉಜ್ಜಿದವನನ್ನು ಗಡಿಯಲ್ಲಿ ಬಂದೂಕು ಹಿಡಿದವನೊಂದಿಗೆ ಅವರು ಒಂದುಮಾಡಲೂ ಇಲ್ಲ, ಬೇರೆ ಮಾಡಿ ಮರೆಯಲೂ ಇಲ್ಲ. ಇದಕ್ಕಿಂತ ನಾಜೂಕಾದ ತೂಕವನ್ನು ನಾನು ಯಾವ ನೀತಿಗ್ರಂಥದಲ್ಲಿಯೂ ಕಂಡಿಲ್ಲ. ಕೆಲವರಿಗೆ ಇದು ಅರೆಮನಸ್ಸಾಗಿ ತೋರಬಹುದು. ನನಗೆ ತೋರಿಲ್ಲ.

ನಿಬ್ಬು ಉಜ್ಜುವವನ ಮಾತು ಬಂತು. ಅಗ್ಗ ಎಂಬುದು ಎಲ್ಲಿಂದ ಬರುತ್ತದೆ? ಒಂದು ಭಾಗ ಯಂತ್ರದಿಂದ, ಲಕ್ಷಗಟ್ಟಲೆ ಮಾಡುವುದರಿಂದ. ಅದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಇನ್ನೊಂದು ಭಾಗ ಕೂಲಿಯಿಂದ. ಉಕ್ಕಿನ ತಗಡನ್ನು ಒತ್ತಿ, ತುದಿಗೆ ಗಟ್ಟಿಲೋಹದ ಒಂದು ಕಾಳನ್ನು ಬೆಸೆದು, ಕೂದಲೆಳೆಯಷ್ಟು ಸೀಳಿ, ಎರಡು ಹಲ್ಲುಗಳೂ ಸಮವಾಗುವಂತೆ ಉಜ್ಜಿ ಒಬ್ಬರು ನೋಡಿ ಬಿಡಬೇಕು. ಆ ಸೀಳು ಒಂದು ಎಳೆ ಆಚೀಚೆಯಾದರೆ ಕಾಗದ ಗೀರುತ್ತದೆ. ನೂರೈವತ್ತು ರೂಪಾಯಿಯ ಪೆನ್ನೂ ಗೀರದೆ ಬರೆಯುತ್ತದೆಂದರೆ ಅಲ್ಲೊಬ್ಬರ ಕಣ್ಣು ಅದರ ಮೇಲೆ ಬಿದ್ದಿದೆ ಎಂದರ್ಥ. ಬೆಳಗ್ಗೆ ಆರಕ್ಕೆ ನಮ್ಮೂರಿನ ಕೈಗಾರಿಕಾ ಪ್ರದೇಶಕ್ಕೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಬುತ್ತಿಯ ಚೀಲ, ಕಿವಿಗೆ ಸುತ್ತಿದ ಸೆರಗು, ಅರೆನಿದ್ದೆ. ಅವರು ಮಾಡುವ ವಸ್ತು ಯಾವ ದೇಶದ ಯಾವ ಮೇಜಿನ ಮೇಲೆ ಅಗ್ಗವೆನ್ನಿಸಿಕೊಳ್ಳುವುದೋ! ಕೊಂಡವನು ಅದನ್ನು ಬಿಚ್ಚಿಯೂ ನೋಡದೆ ಮೂಲೆಗೆ ಹಾಕಿದರೆ ಇವರ ಸಂಬಳದಲ್ಲಿ ಏನೂ ಕಡಿಮೆಯಾಗುವುದಿಲ್ಲ, ನಿಜ. ಆದರೂ ಹಾಗಾಯಿತೆಂದು ಇವರಿಗೆ ತಿಳಿಸುವ ಕೆಲಸ ನನಗೆ ಒಪ್ಪಿಸಿದರೆ ನಾನು ಮಾಡಲಾರೆ. ಮೊದಲು ಕೇಳಿದ ಋಣದ ಪ್ರಶ್ನೆಗೆ ನನ್ನಲ್ಲಿ ಸಿಕ್ಕುವ ಉತ್ತರ ಇಷ್ಟೇ, ಇದಕ್ಕಿಂತ ಹೆಚ್ಚಿನ ತರ್ಕ ನನ್ನಲ್ಲಿಲ್ಲ.

ಹಾಗಾದರೆ ಹಂಚಿಬಿಡಬಹುದಲ್ಲ? ಅದನ್ನೂ ಮಾಡಿ ನೋಡಿದ್ದಾಯಿತು. ಪಕ್ಕದ ಬೀದಿಯ, ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಒಂದು ಕೆಂಪು ಪೆನ್ನು, ಒಂದು ಸೀಸೆ ನೀಲಿ ಶಾಯಿ ಕೊಟ್ಟೆ. ವಾರ ಕಳೆದು ಎರಡನ್ನೂ ಒರಸಿ ತಂದು ಹಿಂದಕ್ಕೆ ಕೊಟ್ಟಳು. 'ತಾತ, ಚೆನ್ನಾಗಿದೆ, ಆದ್ರೆ ಪರೀಕ್ಷೆ ಮಧ್ಯ ಇಂಕು ಮುಗಿದ್ರೆ ಏನ್ ಮಾಡ್ಲಿ? ಬೆರಳೆಲ್ಲಾ ಬೇರೆ ನೀಲಿ ಆಗುತ್ತೆ' ಎಂದಳು. ನಮ್ಮ ಕಾಲದಲ್ಲಿ ಬಾಲ್ ಪೆನ್ನು ಹಿಡಿದರೆ ಅಕ್ಷರ ಕೆಡುತ್ತದೆಂದು ಮೇಷ್ಟರು ಗಿಣ್ಣಿಗೆ ಹೊಡೆಯುತ್ತಿದ್ದರು. ಈಗ ಫೌಂಟನ್ ಪೆನ್ನು ಕೊಟ್ಟರೆ ಮಕ್ಕಳು ದಯದಿಂದ ಹಿಂದಿರುಗಿಸುತ್ತಾರೆ. ಅವಳದೇನೂ ತಪ್ಪಿಲ್ಲ. ನನಗೆ ಬೇಡವಾದುದನ್ನು ಇನ್ನೊಬ್ಬರ ತಲೆಗೆ ಕಟ್ಟಿ ದಾನವೆಂದು ಕರೆಯುವುದು ಎಲ್ಲಿಯ ನ್ಯಾಯ? ಅಂದಿನಿಂದ ಕೇಳಿದವರಿಗೆ ಮಾತ್ರ ಕೊಡುತ್ತೇನೆ. ಇದುವರೆಗೆ ಕೇಳಿದವರು ಐದು ಜನ. ಅವರಲ್ಲೊಬ್ಬರು ಅಂಚೆಯವರು, ಹೋಲ್ಡರಿನಂತೆ ನಿಬ್ಬು ದಪ್ಪವಾಗಿರುವುದೇ ಬೇಕೆಂದು ಆರಿಸಿಕೊಂಡು ಹೋದರು.

ಉಳಿದವುಗಳಿಗೆ ಒಂದು ಸರದಿ ಮಾಡಿಕೊಂಡಿದ್ದೇನೆ. ಏಳು ಪೆನ್ನಿಗೆ ಶಾಯಿ. ಬರೆದು ಬರಿದಾದದ್ದನ್ನು ತಣ್ಣೀರಿನಲ್ಲಿ ತೊಳೆದು, ಹಳೆಯ ಪಂಚೆಯ ತುಂಡಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಒಣಗಿಸಿ ಡಬ್ಬಕ್ಕೆ, ಡಬ್ಬದಿಂದ ಮುಂದಿನದು ಮೇಜಿಗೆ. ಈ ಲೇಖನದ ಮೊದಲ ಪುಟ ಬರೆದದ್ದು ವಿಂಗ್ ಸಂಗ್ 601ರಲ್ಲಿ. ಇದೂ ಪಾರ್ಕರ್ 51ರ ಮೊಮ್ಮಗನೇ.

ಹಿಂದಿನ ತಿಂಗಳು ತಂದೆಯ ಹೀರೋವಿನ ಸರದಿ ಬಂತು. ಚೀಲ ಒತ್ತಿದರೆ ಶಾಯಿ ಏರಲಿಲ್ಲ; ಕವಚ ಬಿಚ್ಚಿ ನೋಡಿದರೆ ಚೀಲ ಹುರಿದ ಹಪ್ಪಳದಂತೆ ಸೀಳಿತ್ತು. ಮೈಸೂರಿಗೆ ಹೋಗಿ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿದೆ. ರಿಪೇರಿ ಮಾಡುವವರು ಹಿಂದೆ ಇದ್ದರು, ಈಗ ಇಲ್ಲ ಎಂದರು. ಮನೆಯಲ್ಲಿ ಒಂದು 616 ಇತ್ತು, ಖೋಟಾ. ಹೀರೋ ಎಂಬ ಅಕ್ಷರಗಳೇ ವಕ್ರವಾಗಿದ್ದುವು, ನಿಬ್ಬು ಗೀರುತ್ತಿತ್ತು. ಬರೆಯಲು ಯಾವ ಬಗೆಯಿಂದಲೂ ಬಾರದು. ಅದರ ಚೀಲವನ್ನು ಬಿಡಿಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ತಂದೆಯ ಪೆನ್ನಿಗೆ ತೊಡಿಸಿದೆ. ಅಳತೆ ಕೂದಲಷ್ಟೂ ತಪ್ಪಲಿಲ್ಲ. ಐದು ಸಲ ಒತ್ತಿ ಬಿಟ್ಟ ಮೇಲೆ ಶಾಯಿ ತುಂಬಿತು. ಚಿಕ್ಕಪ್ಪನ ಮಗಳಿಗೆ ಪೋನಿನಲ್ಲಿ ಇದನ್ನು ಹೇಳಿದೆ. 'ಅದರಲ್ಲೇ ನನಗೊಂದು ಕಾಗದ ಬರಿ, ಅಣ್ಣ' ಎಂದಳು. ಮೊನ್ನೆ ಭಾನುವಾರ ಕುಳಿತು ಎರಡು ಪುಟ ಬರೆದು, ಸೋಮವಾರ ಅಂಚೆಗೆ ಹಾಕಿದೆ.